ಜಾಲಪುಟ ವಿನ್ಯಾಸ ಮತ್ತು ಮೆನು

ಬರಹ, ಚಿತ್ರ, ಕೋಷ್ಟಕ, ಗುಂಡಿ ಮೊದಲಾದವು ಪರದೆಯ ಮೇಲೆ ಎಲ್ಲಿ, ಎಷ್ಟು ಜಾಗದಲ್ಲಿ, ಯಾವ ಸರದಿಯಲ್ಲಿ ಕೂರಬೇಕೆಂದು ಗೊತ್ತುಪಡಿಸುವ ಕೆಲಸಕ್ಕೆ ಜಾಲಪುಟ ವಿನ್ಯಾಸವೆಂದು ಹೆಸರು. ತಾಣದ ಒಂದು ಪುಟದಿಂದ ಮತ್ತೊಂದಕ್ಕೆ ಓದುಗರನ್ನು ಒಯ್ಯುವ ಕೊಂಡಿಗಳ ಪಟ್ಟಿಯೇ ಮೆನು. ಪುಟದ ತಿರುಳನ್ನು ಎಚ್‌ಟಿಎಂಎಲ್, ತೋರಿಕೆಯನ್ನು ಸಿಎಸ್‌ಎಸ್, ಓದುಗರ ಕ್ರಿಯೆಗೆ ತಕ್ಕ ಪ್ರತಿಕ್ರಿಯೆಯನ್ನು ಜಾವಾಸ್ಕ್ರಿಪ್ಟ್ ನೋಡಿಕೊಳ್ಳುತ್ತವೆ. ಈ ಮೂರೂ ಇಂಗ್ಲಿಷ್ ಪರಿಸರದಲ್ಲಿ ಹುಟ್ಟಿದವು. ಕನ್ನಡ ಪುಟಕ್ಕೆ ಅವನ್ನು ಒಗ್ಗಿಸಬೇಕಾದರೆ ಮಾತುಗಳನ್ನು ಅನುವಾದಿಸಿದರೆ ಸಾಲದು. ಒತ್ತಕ್ಷರದ ಎತ್ತರ, ಪದದ ಉದ್ದ, ವರ್ಣಮಾಲೆಯ ಕ್ರಮ ಎಲ್ಲವೂ ವಿನ್ಯಾಸದ ಲೆಕ್ಕಕ್ಕೆ ಬರಬೇಕು.

ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳಾದ ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮೂರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನು ಪರಿಚಯಿಸುವ ಒಂದು ಕಲ್ಪಿತ ಪುಟವನ್ನು ಈ ಲೇಖನದ ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಆರೇ ಹೆಸರಿನ ಇಂಥ ಚಿಕ್ಕ ಮೆನುವಿನಲ್ಲೂ ವಿನ್ಯಾಸದ ಬಹುಪಾಲು ಪ್ರಶ್ನೆಗಳು ಎದುರಾಗುತ್ತವೆ.

ಮೂರು ಪದರಗಳು

ಎಚ್‌ಟಿಎಂಎಲ್ ಅಡಿಪಾಯದ ಪದರ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ, ಇದು ಕೊಂಡಿ ಎಂದು ಅದು ಬ್ರೌಸರ್‌ಗೆ ತಿಳಿಸುತ್ತದೆ. ಬಣ್ಣ, ಅಳತೆಗಳ ಗೊಡವೆ ಅದಕ್ಕಿಲ್ಲ. ಆ ಅಂಶಗಳನ್ನು ಆಯ್ದು ಬಣ್ಣ, ಗಾತ್ರ, ಸ್ಥಾನ ಕೊಡುವುದು ಸಿಎಸ್‌ಎಸ್. ಒಂದೇ ಅಂಶಕ್ಕೆ ಎರಡು ನಿಯಮಗಳು ಅನ್ವಯಿಸಿದಾಗ ಯಾವುದು ಗೆಲ್ಲಬೇಕೆಂದು ತೀರ್ಮಾನಿಸುವ ಕ್ರಮವೂ ಅದರಲ್ಲೇ ಅಡಕವಾಗಿದೆ. ಸಾಮಾನ್ಯವಾಗಿ ಅಂಶದ ಹೆಸರಿಗಿಂತ ವರ್ಗದ ಹೆಸರು, ವರ್ಗಕ್ಕಿಂತ ಐಡಿ ಬಲವುಳ್ಳದ್ದು. ಬಲ ಸಮವಾದರೆ ಕೊನೆಗೆ ಬರೆದ ನಿಯಮ ನಿಲ್ಲುತ್ತದೆ. ಒತ್ತಿದಾಗ ಪಟ್ಟಿ ತೆರೆಯುವುದು, ಟೈಪಿಸಿದಂತೆ ಹುಡುಕುವುದು ಮೊದಲಾದ ವರ್ತನೆಗಳು ಜಾವಾಸ್ಕ್ರಿಪ್ಟ್ ಪಾಲಿನವು.

ಮೇಲಿನ ಪದರ ಕಳಚಿದರೂ ಕೆಳಗಿನದು ನಿಲ್ಲಬೇಕೆಂಬುದು ಈ ಕಸುಬಿನ ಹಳೆಯ ನಿಯಮ. ಜಾವಾಸ್ಕ್ರಿಪ್ಟ್ ಕಡತ ಅರ್ಧದಲ್ಲೇ ನಿಂತರೆ ಆರು ತಾಲ್ಲೂಕುಗಳ ಕೊಂಡಿಗಳು ಅಚ್ಚುಕಟ್ಟಾದ ಸಾಲಾಗಿಯೇ ಉಳಿಯಬೇಕು. ಸಿಎಸ್‌ಎಸ್ ಕೂಡ ಬಾರದಿದ್ದರೆ ಅವು ಒಂದರ ಕೆಳಗೊಂದು ಬರುವ ಬರಿಯ ಪಟ್ಟಿಯಾಗಬೇಕು. ಎರಡೂ ಸ್ಥಿತಿಯಲ್ಲಿ ಹೊಸದುರ್ಗದ ಪುಟಕ್ಕೆ ದಾರಿ ಇದ್ದೇ ಇರುತ್ತದೆ. ಮೆನುವನ್ನು ಪೂರಾ ಜಾವಾಸ್ಕ್ರಿಪ್ಟ್‌ನಿಂದಲೇ ಹೆಣೆದ ತಾಣದಲ್ಲಿ ಆ ಕಡತ ಕೈಕೊಟ್ಟರೆ ಉಳಿಯುವುದು ಖಾಲಿ ಪಟ್ಟೆ ಮಾತ್ರ.

ಇತಿಹಾಸ

ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಜಾಲದ ಪ್ರಸ್ತಾವ ಮುಂದಿಟ್ಟಾಗ ಅವರಿಗೆ ಬೇಕಿದ್ದುದು ಸಂಶೋಧನೆಯ ದಾಖಲೆಗಳ ಹಂಚಿಕೆ. ಅಂಕಣ, ಬಣ್ಣಗಳಿಗೆ ಅದರಲ್ಲಿ ದೊಡ್ಡ ಜಾಗವಿರಲಿಲ್ಲ. ಪತ್ರಿಕೆಯಂತೆ ಪುಟ ಕಟ್ಟಬೇಕೆಂದವರು ಅಂಕಿ-ಅಂಶಗಳಿಗೆಂದು ಬಂದ ಕೋಷ್ಟಕವನ್ನೇ ಚೌಕಟ್ಟು ಮಾಡಿಕೊಂಡರು. ಎಡ ಮನೆಯಲ್ಲಿ ಮೆನು, ಬಲ ಮನೆಯಲ್ಲಿ ಬರಹ, ನಡುವಿನ ಅಂತರಕ್ಕೆ ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರ: 1990ರ ದಶಕದ ಪುಟಗಳು ಹೀಗೆ ನಿಂತವು. ಕೋಷ್ಟಕದೊಳಗೆ ಕೋಷ್ಟಕ ಸೇರಿಸುತ್ತ ಹೋದಂತೆ ಪುಟ ಭಾರವಾಯಿತು; ಒಂದು ಬಣ್ಣ ಬದಲಿಸಲು ನೂರು ಪುಟ ತಿದ್ದಬೇಕಾಯಿತು.

ತಿರುಳಿನಿಂದ ತೋರಿಕೆಯನ್ನು ಬೇರ್ಪಡಿಸುವ ಸಲಹೆಯನ್ನು ಹೊಕೊನ್ ವಿಯುಮ್ ಲೀ 1994ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಬರ್ಟ್ ಬೋಸ್ ಜೊತೆಗೂಡಿ ಬೆಳೆಸಿದ ಆ ಯೋಜನೆ 1996ರ ಡಿಸೆಂಬರ್‌ನಲ್ಲಿ ಸಿಎಸ್‌ಎಸ್‌ನ ಮೊದಲ ಆವೃತ್ತಿಯಾಗಿ, ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟದ ಮನ್ನಣೆ ಪಡೆಯಿತು. ಎರಡನೆಯ ಆವೃತ್ತಿ 1998ರಲ್ಲಿ ಬಂತು. ಅಷ್ಟರೊಳಗೆ, 1995ರಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಒಂದು ಭಾಷೆಯ ಮೊದಲ ರೂಪ ಸಿದ್ಧಪಡಿಸಿದ್ದರು. ಮೋಕಾ, ಲೈವ್‌ಸ್ಕ್ರಿಪ್ಟ್ ಎಂಬ ಹೆಸರುಗಳನ್ನು ದಾಟಿ ಅದು ಜಾವಾಸ್ಕ್ರಿಪ್ಟ್ ಆಯಿತು. ಹೆಸರಿನಲ್ಲಿ ಜಾವಾ ಇದ್ದರೂ ಇವೆರಡು ಬೇರೆ ಬೇರೆ ಭಾಷೆಗಳು.

ಪತ್ರಿಕೆಯಲ್ಲಿರುವಂತೆ ಚಿತ್ರದ ಪಕ್ಕದಲ್ಲಿ ಬರಹವನ್ನು ಹರಿಸಲು ಬಂದ ಫ್ಲೋಟ್ ಎಂಬ ಗುಣವನ್ನು ಅಂಕಣ ಕಟ್ಟಲು ಬಳಸಿದ್ದು ಮುಂದಿನ ಘಟ್ಟ. 2003ರಲ್ಲಿ ಡೇವ್ ಶೇ ಆರಂಭಿಸಿದ ‘ಸಿಎಸ್‌ಎಸ್ ಜೆನ್ ಗಾರ್ಡನ್’ ಒಂದೇ ಎಚ್‌ಟಿಎಂಎಲ್ ಪುಟ ಸಿಎಸ್‌ಎಸ್ ಬದಲಾದೊಡನೆ ಬೇರೆಯೇ ಪುಟದಂತೆ ಕಾಣುವುದನ್ನು ತೋರಿಸಿಕೊಟ್ಟಿತು. ಅದೇ ವರ್ಷ ಪ್ಯಾಟ್ರಿಕ್ ಗ್ರಿಫಿತ್ಸ್ ಮತ್ತು ಡ್ಯಾನ್ ವೆಬ್ ‘ಸಕರ್‌ಫಿಶ್’ ಎಂಬ ಇಳಿಮೆನು ವಿಧಾನವನ್ನು ಪ್ರಕಟಿಸಿದರು. ಸಾಮಾನ್ಯ ಪಟ್ಟಿಯನ್ನೇ ಸಿಎಸ್‌ಎಸ್‌ನಿಂದ ಇಳಿಮೆನುವಾಗಿಸಿ, ಕೊಂಡಿಯ ಹೊರತು ಬೇರೆ ಅಂಶಗಳ ಮೇಲೆ ಇಲಿಬಾಣ ನಿಂತದ್ದನ್ನು ಗುರುತಿಸದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಮಾತ್ರ ಕೆಲವೇ ಸಾಲಿನ ಜಾವಾಸ್ಕ್ರಿಪ್ಟ್ ಊರುಗೋಲು ಕೊಡುವ ಉಪಾಯವದು. 2006ರಲ್ಲಿ ಜಾನ್ ರೆಸಿಗ್ ಬಿಡುಗಡೆ ಮಾಡಿದ ಜೆಕ್ವೆರಿ ಎಂಬ ಸಿದ್ಧ ಜಾವಾಸ್ಕ್ರಿಪ್ಟ್ ಸಂಗ್ರಹ ಬ್ರೌಸರ್‌ಗಳ ನಡುವಿನ ಇಂಥ ವ್ಯತ್ಯಾಸಗಳನ್ನು ಮರೆಮಾಡಿತು.

ಮೊಬೈಲ್ ಫೋನಿನ ಪರದೆ ಎಲ್ಲ ಲೆಕ್ಕಗಳನ್ನೂ ತಲೆಕೆಳಗು ಮಾಡಿತು. ದೊಡ್ಡ ಪರದೆಗೊಂದು, ಫೋನಿಗೊಂದು ಎಂದು ಎರಡು ತಾಣ ಕಟ್ಟುವ ಬದಲು ಒಂದೇ ಪುಟ ಪರದೆಯ ಅಗಲಕ್ಕೆ ಹೊಂದಿಕೊಳ್ಳಲಿ ಎಂದು 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ವಾದಿಸಿದರು. ಹಿಗ್ಗುವ ಅಂಕಣ, ಹಿಗ್ಗುವ ಚಿತ್ರ, ಪರದೆಯ ಅಳತೆ ಕೇಳುವ ಮೀಡಿಯಾ ಕ್ವೆರಿ ಎಂಬ ಮೂರು ಅಂಗಗಳ ಈ ವಿಧಾನಕ್ಕೆ ರೆಸ್ಪಾನ್ಸಿವ್ ವಿನ್ಯಾಸವೆಂದು ಹೆಸರಾಯಿತು. ಟ್ವಿಟರ್‌ನ ಮಾರ್ಕ್ ಓಟೊ ಮತ್ತು ಜೇಕಬ್ ಥಾರ್ನ್‌ಟನ್ 2011ರಲ್ಲಿ ಹೊರತಂದ ಬೂಟ್‌ಸ್ಟ್ರ್ಯಾಪ್ ಸಿದ್ಧ ಅಚ್ಚುಗಳನ್ನು ಒದಗಿಸಿತು. ಪುಟ ವಿನ್ಯಾಸಕ್ಕೆಂದೇ ಹುಟ್ಟಿದ ಗ್ರಿಡ್ ಪದ್ಧತಿ 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಬಂದಿತು. ಕೋಷ್ಟಕ, ಫ್ಲೋಟ್‌ಗಳಂಥ ಎರವಲು ಉಪಾಯಗಳ ಕಾಲ ಅಲ್ಲಿಗೆ ಮುಗಿಯಿತು.

ಕನ್ನಡ ಪುಟಗಳು ಬಂದ ದಾರಿ

ಕನ್ನಡದಲ್ಲಿ ಪುಟ ವಿನ್ಯಾಸದ ಮೊದಲ ತೊಡಕು ಅಕ್ಷರವನ್ನು ಕಾಣಿಸುವುದೇ ಆಗಿತ್ತು. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲಿ ಆರಂಭವಾಗಿ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಹೆಸರಾಯಿತು. ಆ ಕಾಲದ ತಾಣಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳನ್ನು ನೆಚ್ಚಿಕೊಂಡಿದ್ದವು. ಓದುಗರು ಆಯಾ ತಾಣದ ಫಾಂಟನ್ನು ಇಳಿಸಿಕೊಳ್ಳಬೇಕಿತ್ತು; ಇಲ್ಲದಿದ್ದರೆ ‘ಮುಖಪುಟ’ ಇರಬೇಕಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಈ ಪೇಚಿನಿಂದ ಪಾರಾಗಲು ಮೆನುವಿನ ಪದಗಳನ್ನು ಚಿತ್ರ ಮಾಡಿ ಅಂಟಿಸುವ ರೂಢಿಯೂ ಇತ್ತು. ಹಾಗೆ ಅಂಟಿಸಿದ ಹೆಸರು ಹುಡುಕಾಟಕ್ಕೆ ಸಿಗದು, ಪರದೆಯ ಬರಹವನ್ನು ಓದಿ ಹೇಳುವ ತೆರೆವಾಚಕಕ್ಕೆ ದಕ್ಕದು, ಹಿಗ್ಗಿಸಿದರೆ ಮಸುಕಾಗುತ್ತದೆ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತುಪಡಿಸುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಖಂಡವನ್ನು ಮೀಸಲಿಟ್ಟಿತ್ತಾದರೂ ಸಾಮಾನ್ಯ ಗಣಕಗಳಿಗೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟ್‌ನಿಂದ. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಕನ್ನಡ ಟೈಪಿಂಗನ್ನು ಮನೆಮಾತು ಮಾಡಿದವು. 2003ರ ಜೂನ್‌ನಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ ತಾಣ ಯೂನಿಕೋಡ್ ಕನ್ನಡದಲ್ಲಿ ನಿಂತವು. ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡದ ಬೆಂಬಲ ಸಿಕ್ಕಿದ್ದು 2012ರ 4.1ನೇ ಆವೃತ್ತಿಯಿಂದ. ಜಾಲದಿಂದಲೇ ಫಾಂಟ್ ಇಳಿಸಿ ತೋರಿಸುವ ಸೌಲಭ್ಯ ಸಿಎಸ್‌ಎಸ್‌ನಲ್ಲಿ ನೆಲೆಯೂರಿದ ಮೇಲೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಮೊದಲಾದ ಮುಕ್ತ ಫಾಂಟ್‌ಗಳ ಆಯ್ಕೆ ವಿನ್ಯಾಸಕಾರರ ಕೈಗೆ ಬಂತು.

ಪೆಟ್ಟಿಗೆ ಮತ್ತು ಹರಿವು

ಬ್ರೌಸರ್ ಪಾಲಿಗೆ ಪುಟದ ಪ್ರತಿ ಅಂಶವೂ ಒಂದು ಆಯತದ ಪೆಟ್ಟಿಗೆ. ನಡುವೆ ತಿರುಳು, ಅದರ ಸುತ್ತ ಒಳ ಅಂತರ, ಅದರಾಚೆ ಗೆರೆ, ಕೊನೆಗೆ ಹೊರ ಅಂತರ. ಸಿಎಸ್‌ಎಸ್‌ನ ಮೂಲ ಲೆಕ್ಕದಲ್ಲಿ ಅಗಲವೆಂದರೆ ತಿರುಳಿನ ಅಗಲ ಮಾತ್ರ. 300 ಪಿಕ್ಸೆಲ್ ಎಂದು ಬರೆದ ಪೆಟ್ಟಿಗೆಗೆ ಎರಡೂ ಕಡೆ 20ರಂತೆ ಒಳ ಅಂತರ, 1ರಂತೆ ಗೆರೆ ಸೇರಿದರೆ ಅದು ಪರದೆಯಲ್ಲಿ 342 ಪಿಕ್ಸೆಲ್ ಹಿಡಿಯುತ್ತದೆ. ಸಾಲಿನ ಕೊನೆಯ ಪೆಟ್ಟಿಗೆ ಕೆಳಕ್ಕೆ ಬೀಳುತ್ತದೆ. ಗೆರೆಯವರೆಗಿನ ಅಳತೆಯನ್ನೇ ಅಗಲವೆಂದು ಎಣಿಸಲು ಹೇಳುವ ಬಾರ್ಡರ್-ಬಾಕ್ಸ್ ನಿಯಮವನ್ನು ಕಡತದ ಮೊದಲ ಸಾಲುಗಳಲ್ಲೇ ಬರೆಯುವ ರೂಢಿ ಬಂದದ್ದು ಈ ಕಾರಣಕ್ಕೆ.

ಯಾವ ಅಪ್ಪಣೆಯೂ ಇಲ್ಲದಿದ್ದಾಗ ಪೆಟ್ಟಿಗೆಗಳು ಬರೆದ ಸರದಿಯಲ್ಲಿ ಮೇಲಿನಿಂದ ಕೆಳಕ್ಕೆ ಸಾಗುತ್ತವೆ. ಇದು ಸಹಜ ಹರಿವು. ಸ್ಥಾನ ನಿಗದಿಯ ಗುಣಗಳು ಈ ಹರಿವಿನಿಂದ ಪೆಟ್ಟಿಗೆಯನ್ನು ಹೊರತೆಗೆಯುತ್ತವೆ: ಇಳಿಮೆನುವನ್ನು ತನ್ನ ಗುಂಡಿಯ ಕೆಳಗೆ ತೂಗುಹಾಕಲು ಆಬ್ಸಲ್ಯೂಟ್, ಪರದೆಗೆ ಮೊಳೆ ಹೊಡೆದಂತೆ ನಿಲ್ಲಿಸಲು ಫಿಕ್ಸೆಡ್. ಸ್ಟಿಕಿ ಸಹಜ ಹರಿವಿಗೂ ಫಿಕ್ಸೆಡ್‌ಗೂ ನಡುವಿನದು; ಪುಟ ಉರುಳುವಾಗ ಪೆಟ್ಟಿಗೆ ತುದಿ ಮುಟ್ಟುವವರೆಗೂ ಹರಿವಿನಲ್ಲೇ ಸಾಗಿ, ಮುಟ್ಟಿದ ಮೇಲೆ ಅಲ್ಲೇ ಕಚ್ಚಿಕೊಳ್ಳುತ್ತದೆ. ತಲೆಪಟ್ಟಿಯನ್ನು ಹೀಗೆ ಅಂಟಿಸಿದಾಗ ಪುಟದೊಳಗಿನ ಕೊಂಡಿ ಒತ್ತಿದವರಿಗೆ ಶೀರ್ಷಿಕೆ ಪಟ್ಟಿಯಡಿ ಮರೆಯಾಗದಂತೆ ಮೇಲೆ ಅಂತರ ಬಿಡಬೇಕು.

ಫ್ಲೆಕ್ಸ್ ಮತ್ತು ಗ್ರಿಡ್

ಫ್ಲೆಕ್ಸ್ ಒಂದು ದಿಕ್ಕಿನ ಹೊಂದಿಕೆ. ಅಡ್ಡ ಸಾಲೋ ನೇರ ಸಾಲೋ ಎಂದು ತಿಳಿಸಿ, ಮಿಕ್ಕ ಜಾಗವನ್ನು ಪೆಟ್ಟಿಗೆಗಳ ನಡುವೆ ಹೇಗೆ ಹಂಚಬೇಕು, ಜಾಗ ಸಾಲದಿದ್ದರೆ ಮುಂದಿನ ಸಾಲಿಗೆ ಇಳಿಯಬೇಕೇ ಎಂದು ಹೇಳಬಹುದು. ಮೆನುವಿನ ಹೆಸರುಗಳ ಉದ್ದ ಸಮವಾಗಿರುವುದಿಲ್ಲ. ‘ಹಿರಿಯೂರು’ ಹಿಡಿಯುವ ಜಾಗ ‘ಮೊಳಕಾಲ್ಮೂರು’ಗೆ ಸಾಲದು. ಪ್ರತಿಯೊಂದಕ್ಕೂ ಅದರ ಪದ ಬೇಡುವಷ್ಟೇ ಅಗಲ ಕೊಡುವ ಫ್ಲೆಕ್ಸ್ ಹೀಗಾಗಿ ಮೆನುವಿಗೆ ಹೇಳಿ ಮಾಡಿಸಿದಂತಿದೆ.

ಗ್ರಿಡ್ ಎರಡು ದಿಕ್ಕಿನದು, ಅಡ್ಡ ಮತ್ತು ನೇರ ಗೆರೆಗಳ ಜಾಲ. ಇಡೀ ಪುಟಕ್ಕೆ, ಕಾರ್ಡ್‌ಗಳ ಸಾಲಿಗೆ ಇದು ಸೂಕ್ತ. ಆರು ತಾಲ್ಲೂಕುಗಳ ಕಾರ್ಡ್‌ಗಳಿಗೆ ‘ಕನಿಷ್ಠ 14 ರೆಮ್ ಅಗಲ, ಮಿಕ್ಕದ್ದನ್ನು ಸಮನಾಗಿ ಹಂಚಿಕೋ’ ಎಂಬ ಒಂದೇ ನಿಯಮ ಕೊಟ್ಟರೆ ಮೀಡಿಯಾ ಕ್ವೆರಿಯ ಹಂಗಿಲ್ಲದೆ ಅಂಕಣಗಳ ಸಂಖ್ಯೆ ತಾನೇ ಬದಲಾಗುತ್ತದೆ. ಸಾಮಾನ್ಯ ಬ್ರೌಸರ್‌ನಲ್ಲಿ 1 ರೆಮ್ ಎಂದರೆ 16 ಪಿಕ್ಸೆಲ್; ಹಾಗಾಗಿ ಕಾರ್ಡಿನ ಕನಿಷ್ಠ ಅಗಲ 224. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಒಂದೇ ಅಂಕಣ. ನಡುವೆ 16ರ ಅಂತರವಿಟ್ಟು 1200 ಪಿಕ್ಸೆಲ್ ಜಾಗ ಕೊಟ್ಟರೆ ಐದು ಕಾರ್ಡ್‌ಗಳು ಒಂದು ಸಾಲಿನಲ್ಲಿ ಕೂತು ಆರನೆಯದು, ಅಂದರೆ ಹೊಳಲ್ಕೆರೆ, ಕೆಳಗೆ ಒಂಟಿಯಾಗುತ್ತದೆ. ಇಡೀ ಗ್ರಿಡ್‌ನ ಗರಿಷ್ಠ ಅಗಲವನ್ನು 50 ರೆಮ್‌ಗೆ ಕಟ್ಟಿಹಾಕಿದರೆ ದೊಡ್ಡ ಪರದೆಯಲ್ಲಿ ಮೂರು-ಮೂರರ ಎರಡು ಸಾಲುಗಳು ಸಿಗುತ್ತವೆ. ನಿಯಮ ಎಷ್ಟೇ ಜಾಣತನದ್ದಾದರೂ ತಿರುಳಿನ ಎಣಿಕೆ ನೋಡದೆ ಬರೆಯಲಾಗದು.

ಫ್ಲೆಕ್ಸ್, ಗ್ರಿಡ್ ಎರಡರಲ್ಲೂ ಎಚ್‌ಟಿಎಂಎಲ್‌ನ ಸರದಿ ಮುಟ್ಟದೆ ಕಣ್ಣಿಗೆ ಕಾಣುವ ಸರದಿ ಬದಲಿಸಬಹುದು. ಕೀಲಿಮಣೆಯ ಟ್ಯಾಬ್ ಕೀಲಿ ಮಾತ್ರ ಸಾಮಾನ್ಯವಾಗಿ ಎಚ್‌ಟಿಎಂಎಲ್ ಸರದಿಯಲ್ಲೇ ನಡೆಯುತ್ತದೆ. ಕಣ್ಣಿನ ದಾರಿ, ಕೀಲಿಯ ದಾರಿ ಬೇರೆಯಾದರೆ ಬಳಸುವವರು ದಿಕ್ಕು ತಪ್ಪುತ್ತಾರೆ. ಇನ್ನೊಂದು ಅನುಕೂಲವಿದೆ: ಗ್ರಿಡ್‌ನ ಭಾಗಗಳಿಗೆ, ಸಿಎಸ್‌ಎಸ್ ವರ್ಗಗಳಿಗೆ, ಜಾವಾಸ್ಕ್ರಿಪ್ಟ್ ಚರಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ‘ತಲೆ’, ‘ಮೆನು’, ‘ತಿರುಳು’, ‘ಅಡಿ’ ಎಂಬ ನಾಲ್ಕು ಭಾಗಗಳ ಗ್ರಿಡ್ ಸಿಂಧುವಾದದ್ದೇ.

ಮೆನುವಿನ ಬಗೆಗಳು

ಅಡ್ಡಪಟ್ಟಿ ಮೆನು ಪುಟದ ತಲೆಯಲ್ಲಿ ಒಂದೇ ಸಾಲಾಗಿ ನಿಲ್ಲುತ್ತದೆ. ಐದಾರು ಹೆಸರುಗಳಿಗೆ ಹಿತವಾಗಿರುತ್ತದೆ. ಪಕ್ಕಪಟ್ಟಿ ಉದ್ದ ಹೆಸರುಗಳನ್ನೂ ತಾಳಿಕೊಳ್ಳುವುದರಿಂದ ಕನ್ನಡಕ್ಕೆ ಒಗ್ಗುತ್ತದೆ. ಇಳಿಮೆನು ಒಂದು ಹೆಸರಿನಡಿ ಹಲವನ್ನು ಅಡಗಿಸುತ್ತದೆ. ಮೆಗಾ ಮೆನು ಹಲವು ಗುಂಪುಗಳನ್ನು ಅಗಲ ಹಾಸಿನಲ್ಲಿ ಒಮ್ಮೆಗೇ ಹರಡುತ್ತದೆ. ‘ಮುಖಪುಟ › ಹೊಸದುರ್ಗ › ಸಾಣೇಹಳ್ಳಿ’ ಎಂಬಂಥ ಹೆಜ್ಜೆಸಾಲು ಓದುಗರು ಎಲ್ಲಿದ್ದಾರೆಂದು ಹೇಳುತ್ತದೆ. ಮೂರು ಅಡ್ಡಗೆರೆಗಳ ಹ್ಯಾಂಬರ್ಗರ್ ಗುರುತು ಫೋನಿಗಿಂತ ಹಳೆಯದು. 1981ರ ಜೆರಾಕ್ಸ್ ಸ್ಟಾರ್ ಗಣಕಕ್ಕಾಗಿ ನಾರ್ಮ್ ಕಾಕ್ಸ್ ಅದನ್ನು ರಚಿಸಿದರು. ಗೆರೆಗಳ ಪಕ್ಕದಲ್ಲೇ ‘ಮೆನು’ ಎಂದು ಬರೆದರೆ ಗುರುತನ್ನು ಅರಿಯದವರಿಗೂ ಗುಂಡಿಯೆಂದು ಗೊತ್ತಾಗುತ್ತದೆ.

ಇಲಿಬಾಣ ಮೇಲೆ ನಿಂತಾಗ ಮಾತ್ರ ತೆರೆಯುವ ಇಳಿಮೆನು ಫೋನಿನಲ್ಲಿ ನಿಲ್ಲದು, ಏಕೆಂದರೆ ಬೆರಳಿಗೆ ‘ಮೇಲೆ ನಿಲ್ಲುವುದು’ ಎಂಬ ಸ್ಥಿತಿಯೇ ಇಲ್ಲ. ಇಳಿಮೆನುವಿನೊಳಗೆ ಇಳಿಮೆನು, ಅದರೊಳಗೆ ಮತ್ತೊಂದು ಎಂದು ಕಟ್ಟಿದಾಗ ಬಾಣ ಕೊಂಚ ಜಾರಿದರೂ ಎಲ್ಲವೂ ಮುಚ್ಚಿಕೊಂಡು ಮೊದಲಿಂದ ಆರಂಭಿಸಬೇಕಾಗುತ್ತದೆ. ಚಿತ್ರದುರ್ಗದ ಕೋಟೆಗೆ ಏಳು ಸುತ್ತು ಕಟ್ಟಿದ್ದು ಬರುವವರನ್ನು ತಡೆಯಲಿಕ್ಕೆ. ಮೆನುವಿಗೆ ಎರಡು ಸುತ್ತೇ ಹೆಚ್ಚು.

ಜಾವಾಸ್ಕ್ರಿಪ್ಟ್‌ನ ಪಾತ್ರ

ಫೋನಿನ ಮೆನುವಿಗೆ ಜಾವಾಸ್ಕ್ರಿಪ್ಟ್ ಮಾಡಬೇಕಾದ ಕೆಲಸ ಸಣ್ಣದು. ನಿಜವಾದ ಗುಂಡಿಯೊಂದು ಇರಬೇಕು. ಒತ್ತಿದಾಗ ಪಟ್ಟಿಯ ‘ಹಿಡನ್’ ಗುಣ ತೆಗೆದು, ಗುಂಡಿಯ ‘ಏರಿಯಾ-ಎಕ್ಸ್‌ಪ್ಯಾಂಡೆಡ್’ ಮೌಲ್ಯವನ್ನು ನಿಜ ಎಂದು ಬದಲಿಸಬೇಕು. ಆಗ ತೆರೆವಾಚಕ ಪಟ್ಟಿ ತೆರೆದಿದೆಯೆಂದು ಹೇಳುತ್ತದೆ. ಎಸ್ಕೇಪ್ ಕೀಲಿ ಒತ್ತಿದರೆ ಪಟ್ಟಿ ಮುಚ್ಚಿ ಗಮನ ಗುಂಡಿಗೆ ಮರಳಬೇಕು. ಹೊರಗೆ ಒತ್ತಿದರೂ ಮುಚ್ಚಬೇಕು. ಈಗಿರುವ ಪುಟದ ಕೊಂಡಿಗೆ ‘ಏರಿಯಾ-ಕರೆಂಟ್’ ಗುರುತು ಹಚ್ಚಿ ಸಿಎಸ್‌ಎಸ್‌ನಿಂದ ಅದನ್ನು ಎದ್ದು ಕಾಣಿಸಬಹುದು. ಗುಂಡಿಯ ಬದಲು ಬರಿಯ ಪೆಟ್ಟಿಗೆಗೆ ಒತ್ತುವ ವರ್ತನೆ ಅಂಟಿಸುವುದು ಸಾಮಾನ್ಯ ತಪ್ಪು. ಕೀಲಿಮಣೆಯಿಂದ ಅದನ್ನು ಮುಟ್ಟಲಾಗದು.

ಹಿಂದೆ ಜಾವಾಸ್ಕ್ರಿಪ್ಟ್ ಮಾಡುತ್ತಿದ್ದ ಹಲವು ಕೆಲಸಗಳನ್ನು ಈಗ ಎಚ್‌ಟಿಎಂಎಲ್, ಸಿಎಸ್‌ಎಸ್‌ಗಳೇ ಹೊತ್ತಿವೆ. ಡೀಟೇಲ್ಸ್ ಅಂಶ ಒಂದೂ ಸಾಲು ಜಾವಾಸ್ಕ್ರಿಪ್ಟ್ ಇಲ್ಲದೆ ತೆರೆದು ಮುಚ್ಚುತ್ತದೆ. ಪಾಪೊವರ್ ಗುಣವಿರುವ ಪೆಟ್ಟಿಗೆ ಹೊರಗೆ ಒತ್ತಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಒಳಗೆ ಏನಿದೆಯೆಂಬುದನ್ನು ನೋಡಿ ಹೊರಗಿನ ಪೆಟ್ಟಿಗೆಯನ್ನು ಆಯುವ ‘ಹ್ಯಾಸ್’ ಆಯ್ಕೆಸೂತ್ರ 2023ರ ಡಿಸೆಂಬರ್ ಹೊತ್ತಿಗೆ ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಬಂದಿತ್ತು.

ಕನ್ನಡ ಲಿಪಿಯ ಬೇಡಿಕೆಗಳು

ಎತ್ತರ: ಇಂಗ್ಲಿಷ್ ಸಾಲಿಗೆ ಸಾಕಾಗುವ ಸಾಲೆತ್ತರ ಕನ್ನಡಕ್ಕೆ ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಕೆಲವೊಮ್ಮೆ ಒತ್ತಿಗೂ ಒತ್ತು. ಎತ್ತರ ನಿಗದಿ ಮಾಡಿ ಹೆಚ್ಚಾದದ್ದನ್ನು ಮರೆಮಾಡಿದ ಮೆನುವಿನಲ್ಲಿ ‘ಹೊಳಲ್ಕೆರೆ’ಯ ಕ-ಒತ್ತು ಕತ್ತರಿಸಿಹೋಗುತ್ತದೆ. ಅಕ್ಷರ ಗಾತ್ರದ 1.6ರಿಂದ 1.8 ಪಟ್ಟು ಸಾಲೆತ್ತರವಿಟ್ಟು, ಪೆಟ್ಟಿಗೆಗೆ ಸ್ಥಿರ ಎತ್ತರದ ಬದಲು ಕನಿಷ್ಠ ಎತ್ತರ ಕೊಡುವುದು ಕ್ಷೇಮ. ಕೊಂಡಿಯ ಅಡಿಗೆರೆಯೂ ಒತ್ತುಗಳನ್ನು ಸೀಳದಂತೆ ಕೆಳಗಿಳಿಯಬೇಕು.

ಅಲಂಕಾರ: ಇಂಗ್ಲಿಷ್ ಮೆನುಗಳಲ್ಲಿ ದೊಡ್ಡಕ್ಷರ ಮಾಡುವ, ಅಕ್ಷರಗಳ ನಡುವೆ ತೆರಪು ಬಿಡುವ, ಓರೆಯಾಗಿಸುವ ಚಾಳಿಯಿದೆ. ಕನ್ನಡದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರದ ಭೇದವೇ ಇಲ್ಲವಾದ್ದರಿಂದ ಮೊದಲನೆಯದು ನಿಷ್ಫಲ. ತೆರಪು ಪದವನ್ನು ಬಿಡಿಬಿಡಿಯಾಗಿಸುತ್ತದೆ. ಓರೆ ರೂಪವಿಲ್ಲದ ಫಾಂಟನ್ನು ಬ್ರೌಸರ್ ಬಲವಂತವಾಗಿ ವಾಲಿಸುತ್ತದೆ. ಒತ್ತು ಕೊಡಬೇಕಾದಲ್ಲಿ ಬಣ್ಣ, ದಪ್ಪ, ಗೆರೆಗಳೇ ಸಾಕು.

ಎಣಿಕೆ: ‘ಹೊಸದುರ್ಗ’ ಓದುಗರ ಕಣ್ಣಿಗೆ ಹೊ, ಸ, ದು, ರ್ಗ ಎಂದು ನಾಲ್ಕು ಅಕ್ಷರ. ಜಾವಾಸ್ಕ್ರಿಪ್ಟ್ ಅದರ ಉದ್ದವನ್ನು 8 ಎನ್ನುತ್ತದೆ: ಹ, ಒ-ಕಾರದ ಗುರುತು, ಸ, ದ, ಉ-ಕಾರದ ಗುರುತು, ರ, ವಿರಾಮ, ಗ. ಏಳಕ್ಕೆ ಕತ್ತರಿಸಿದರೆ ‘ಹೊಸದುರ್’ ಉಳಿಯುತ್ತದೆ. ಜಾಗ ಸಾಲದೆಂದು ಇಂತಿಷ್ಟು ಅಕ್ಷರಕ್ಕೆ ಹೆಸರನ್ನು ಮೊಟಕು ಮಾಡುವ ಜಾವಾಸ್ಕ್ರಿಪ್ಟ್ ಕನ್ನಡದಲ್ಲಿ ಹೀಗೆ ಎಡವುತ್ತದೆ. ಟೈಪ್ ಮಾಡಿದಂತೆ ಒಂದೊಂದೇ ಅಕ್ಷರ ಮೂಡಿಸುವ ಅಲಂಕಾರದಲ್ಲಿ ಮೊದಲು ರ ಕಾಣಿಸಿ, ಮರುಕ್ಷಣ ಅದು ರ್ ಆಗಿ, ಗ ಬಂದೊಡನೆ ಅರ್ಕಾವತ್ತಾಗಿ ಬಲಕ್ಕೆ ಹಾರುತ್ತದೆ. ಸಂಗ್ರಹದಲ್ಲಿ ರ ಮೊದಲು, ತೋರಿಕೆಯಲ್ಲಿ ಗ ಮೊದಲು. ಪ್ರತಿ ಸಂಕೇತವನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಸುತ್ತಿದರಂತೂ ಒತ್ತಕ್ಷರ ಕಟ್ಟಿಕೊಳ್ಳದೇ ಹೋಗಬಹುದು.

ಕ್ರಮ: ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ವಿಂಗಡಣೆ ಯೂನಿಕೋಡ್ ಸಂಖ್ಯೆಗಳನ್ನು ನೋಡುತ್ತದೆ. ಆ ಸಾಲಿನಲ್ಲಿ ಳ-ಕಾರ ಲ-ಕಾರದ ಬೆನ್ನಿಗೇ, ವ-ಕಾರಕ್ಕಿಂತ ಮೊದಲೇ ಇದೆ. ಆದ್ದರಿಂದ ‘ಹೊಳಲ್ಕೆರೆ’ ಮೊದಲು, ‘ಹೊಸದುರ್ಗ’ ಅನಂತರ ಬರುತ್ತದೆ. ಶಾಲೆಯಲ್ಲಿ ಕಲಿತ ಯ ರ ಲ ವ ಶ ಷ ಸ ಹ ಳ ಕ್ರಮದ ಪ್ರಕಾರ ಸ-ಕಾರವೇ ಮೊದಲು, ಹೊಸದುರ್ಗವೇ ಮುಂದೆ. ಭಾಷೆಯ ಕ್ರಮ ನೋಡುವ ಕೊಲೇಟರ್‌ಗೆ ‘ಕನ್ನಡ’ ಎಂದು ತಿಳಿಸಿ ಹೋಲಿಕೆ ಮಾಡಿಸುವುದು, ಇಲ್ಲವೇ ಹತ್ತಾರು ಹೆಸರಿನ ಚಿಕ್ಕ ಪಟ್ಟಿಯಾದರೆ ಕ್ರಮವನ್ನು ಕೈಯಾರೆ ಬರೆದಿಡುವುದು ಇದಕ್ಕೆ ಪರಿಹಾರ.

ಹುಡುಕಾಟ: ಒ-ಕಾರವನ್ನು ಒಂದೇ ಸಂಕೇತವಾಗಿಯೂ, ಎ-ಕಾರ ಮತ್ತು ಊ-ಕಾರದ ಗುರುತುಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಹೊ’ ಆದರೂ ಯಂತ್ರಕ್ಕೆ ಬೇರೆ ಬೇರೆ. ‘ವೆಬ್‌ಸೈಟ್’ ಮುಂತಾದ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಸಂಕೇತವನ್ನು ಒಬ್ಬರು ಒತ್ತುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಮೆನುವಿನೊಳಗಿನ ಹುಡುಕು ಪೆಟ್ಟಿಗೆ ಎರಡೂ ಕಡೆಯ ಪದಗಳನ್ನು ಯೂನಿಕೋಡ್‌ನ ಏಕರೂಪಕ್ಕೆ ತಂದು, ಅಗೋಚರ ಸಂಕೇತಗಳನ್ನು ಕಳೆದು, ಆಮೇಲೆ ಹೋಲಿಸಬೇಕು.

ವಿಳಾಸ: ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್. ‘ಹೊಸದುರ್ಗ’ 24 ಬೈಟ್ ಹಿಡಿಯುತ್ತದೆ. ಪುಟದ ವಿಳಾಸದಲ್ಲಿ ಪ್ರತಿ ಬೈಟ್ ಶೇಕಡ ಗುರುತಿನೊಡನೆ ಮೂರು ಚಿಹ್ನೆಗಳಾಗಿ ಒಟ್ಟು 72 ಆಗುತ್ತದೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ಸಂದೇಶದಲ್ಲಿ ಅಂಟಿಸಿದಾಗ ಕೆಲವೊಮ್ಮೆ ಉದ್ದನೆಯ ಸಂಕೇತಮಾಲೆ ಕಾಣುವುದು ಇದರಿಂದಲೇ.

ಕರ್ನಾಟಕದ ನಿದರ್ಶನಗಳು

ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಮೆನುಗಳಿಗೆ ನಿದರ್ಶನವಾಗಿ ರಾಜ್ಯದ ‘ಭೂಮಿ’ ಯೋಜನೆಯ ಪಹಣಿ ಪುಟವನ್ನು ನೋಡಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ಸಂಖ್ಯೆ ಎಂದು ಒಂದರ ಹಿಂದೊಂದು ಆಯ್ಕೆ ಪೆಟ್ಟಿಗೆಗಳು. ಚಿತ್ರದುರ್ಗ ಆರಿಸಿದ ಮೇಲೆ ತಾಲ್ಲೂಕುಗಳು, ಹೊಸದುರ್ಗ ಆರಿಸಿದ ಮೇಲೆ ಕಸಬಾ, ಮಾಡದಕೆರೆ, ಮತ್ತೋಡು, ಶ್ರೀರಾಂಪುರ ಹೋಬಳಿಗಳು. ಹಿಂದಿನ ಆಯ್ಕೆ ಮುಂದಿನ ಪಟ್ಟಿಯನ್ನು ತುಂಬುವ ಈ ಬಗೆಗೆ ಅವಲಂಬಿತ ಮೆನು ಎನ್ನುತ್ತಾರೆ. ಕಂದಾಯ ಆಡಳಿತದ ಏಣಿಯೇ ಇಲ್ಲಿ ಮೆನುವಿನ ಏಣಿ. ರೈತರಿಗೆ ಆ ಕ್ರಮ ಮೊದಲೇ ಬಾಯಿಪಾಠವಾಗಿರುವುದರಿಂದ ಐದು ಹಂತಗಳೂ ಹೊರೆಯೆನಿಸುವುದಿಲ್ಲ. ಹಂತಗಳ ಸಂಖ್ಯೆಗಿಂತ ಅವು ಬಳಸುವವರ ಮನಸ್ಸಿನ ನಕ್ಷೆಗೆ ಹೊಂದುತ್ತವೆಯೇ ಎಂಬುದು ದೊಡ್ಡದು. ಇಂಥ ಮೆನು ಕಟ್ಟುವವರು ಮೇಲಿನ ಆಯ್ಕೆ ಬದಲಾದಾಗ ಕೆಳಗಿನ ಹಳೆಯ ಆಯ್ಕೆಗಳನ್ನು ಅಳಿಸಬೇಕು. ಪಟ್ಟಿ ಬರುವವರೆಗೆ ಪೆಟ್ಟಿಗೆಯನ್ನು ನಿಷ್ಕ್ರಿಯವಾಗಿಟ್ಟು, ಬರುತ್ತಿದೆಯೆಂದು ಮಾತಿನಲ್ಲಿ ತಿಳಿಸಬೇಕು.

ಕನ್ನಡ ವಿಕಿಪೀಡಿಯದ ಮೆನು ಹೆಸರಿಡುವ ಕಲೆಗೆ ಉದಾಹರಣೆ. ಸದಸ್ಯರು ಸೇರಿ ಚರ್ಚಿಸುವ ಪುಟಕ್ಕೆ ಅಲ್ಲಿ ‘ಅರಳಿ ಕಟ್ಟೆ’ ಎಂದು ಹೆಸರು. ಇಂಗ್ಲಿಷ್‌ನಲ್ಲಿ ಅದಕ್ಕೆ ಊರ ನೀರಿನ ಪಂಪಿನ ಹೆಸರಿದೆ. ಅದನ್ನು ಅನುವಾದಿಸದೆ, ನಮ್ಮೂರಲ್ಲಿ ಜನ ಕೂಡುವ ಜಾಗದ ಹೆಸರನ್ನೇ ಇಟ್ಟಿರುವುದರಿಂದ ಕೊಂಡಿಯ ಆಚೆ ಏನಿದೆಯೆಂದು ಒತ್ತುವ ಮೊದಲೇ ತಿಳಿಯುತ್ತದೆ.

ಮೆನುವನ್ನೇ ಕಿರಿದು ಮಾಡಿದ ತಾಣಗಳೂ ಇವೆ. ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಲಕ್ಷಕ್ಕೂ ಮಿಕ್ಕ ಪದಗಳಿಗೆ ಹುಡುಕು ಪೆಟ್ಟಿಗೆಯನ್ನೇ ಹೆಬ್ಬಾಗಿಲು ಮಾಡಿದೆ. ಅಷ್ಟೊಂದು ಪದಗಳಿಗೆ ಇಳಿಮೆನು ಯೋಚಿಸುವುದೂ ಸಾಧ್ಯವಿಲ್ಲ. ವಚನಗಳ ಸಂಗ್ರಹವಾದ ‘ವಚನ ಸಂಚಯ’ ತಾಣದಲ್ಲಿ ವಚನಕಾರರ ಪಟ್ಟಿ ಹಿಡಿದೂ ಹೋಗಬಹುದು, ಪದ ಹುಡುಕಿಯೂ ಹೋಗಬಹುದು.

ಸರ್ಕಾರಿ ತಾಣಗಳಿಗೆ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ 2009ರಲ್ಲಿ ಮಾರ್ಗಸೂಚಿ ರೂಪಿಸಿತು. ಅದೇ ಕೇಂದ್ರದ ಎಸ್3ವಾಸ್ ವೇದಿಕೆಯ ಸಿದ್ಧ ಅಚ್ಚಿನ ಮೇಲೆ ದೇಶದ ಅನೇಕ ಜಿಲ್ಲಾ ತಾಣಗಳು ನಿಂತಿವೆ. ಅಚ್ಚು ಒಂದೇ ಆದ್ದರಿಂದ ಒಂದು ಜಿಲ್ಲೆಯ ಮೆನು ಬಲ್ಲವರಿಗೆ ಪಕ್ಕದ ಜಿಲ್ಲೆಯದೂ ಗೊತ್ತಾಗುತ್ತದೆ. ದ್ವಿಭಾಷಾ ತಾಣದಲ್ಲಿ ಭಾಷೆ ಬದಲಿಸುವ ಕೊಂಡಿ ಓದುತ್ತಿದ್ದ ಪುಟದ ಇನ್ನೊಂದು ಭಾಷೆಯ ರೂಪಕ್ಕೇ ಒಯ್ಯಬೇಕು, ಮುಖಪುಟಕ್ಕೆ ಎಸೆಯಬಾರದು. ಕಾಸರಗೋಡಿನಂತೆ ಕನ್ನಡ, ಮಲಯಾಳಂ ಎರಡೂ ಒಂದೇ ಪುಟದಲ್ಲಿ ಕೂರಬೇಕಾದ ಕಡೆ ಭಾಷೆ ನೋಡಿ ಫಾಂಟ್, ಸಾಲೆತ್ತರ ಬದಲಿಸುವ ಆಯ್ಕೆಸೂತ್ರ ಸಿಎಸ್‌ಎಸ್‌ನಲ್ಲಿದೆ.

ಎಲ್ಲರಿಗೂ ಎಟಕುವಿಕೆ

ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸುವುದು ಒಂದೇ ಪದದ ಕೆಲಸ. ಅದಿಲ್ಲದಿದ್ದರೆ ತೆರೆವಾಚಕ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ತೊಡಗಬಹುದು. ಮೆನುವನ್ನು ‘ನ್ಯಾವ್’ ಅಂಶದೊಳಗೆ ಪಟ್ಟಿಯಾಗಿ ಬರೆದರೆ ತೆರೆವಾಚಕ ಎಷ್ಟು ಕೊಂಡಿಗಳಿವೆಯೆಂದು ಮೊದಲೇ ಹೇಳುತ್ತದೆ. ಪ್ರತಿ ಪುಟದಲ್ಲೂ ಮೆನುವನ್ನು ಪೂರಾ ಕೇಳಿಸಿಕೊಳ್ಳದೆ ತಿರುಳಿಗೆ ಹಾರಲು ‘ಮುಖ್ಯ ವಿಷಯಕ್ಕೆ ಹೋಗಿ’ ಎಂಬ ಕೊಂಡಿ ಮೊದಲಲ್ಲೇ ಇರಬೇಕು. ಡಬ್ಲ್ಯು3ಸಿ ಒಕ್ಕೂಟದ ಸೂಚಿಗಳ ಎಎ ಮಟ್ಟ ಸಾಮಾನ್ಯ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವರ್ಣಭೇದ ಬೇಡುತ್ತದೆ. 2023ರ ಆವೃತ್ತಿ ಒತ್ತುವ ಜಾಗಕ್ಕೆ, ಕೆಲವು ವಿನಾಯಿತಿಗಳೊಡನೆ, 24 ಪಿಕ್ಸೆಲ್ ಚದರದ ಕನಿಷ್ಠ ಅಳತೆ ಸೇರಿಸಿತು. ಹೊಲದಲ್ಲಿ ನಿಂತು ಬಿಸಿಲಿನಲ್ಲಿ ಫೋನ್ ನೋಡುವವರಿಗೂ ಈ ನಿಯಮಗಳೇ ನೆರವಾಗುತ್ತವೆ.

ಪರೀಕ್ಷೆ

ಪುಟ ಮುಗಿದಿದೆಯೆನ್ನುವ ಮೊದಲು ಅದನ್ನು ಕೆಡಿಸಿ ನೋಡುವುದು ಒಳ್ಳೆಯ ಪದ್ಧತಿ. ಜಾವಾಸ್ಕ್ರಿಪ್ಟ್ ನಿಲ್ಲಿಸಿ ಮೆನು ಉಳಿಯುತ್ತದೆಯೇ ನೋಡಬೇಕು. ಅಕ್ಷರಗಳನ್ನು ಎರಡು ಪಟ್ಟು ಹಿಗ್ಗಿಸಬೇಕು. ಇಲಿಯನ್ನು ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಿಂದಲೇ ಕೊನೆಯವರೆಗೆ ಹೋಗಬೇಕು. ಫಾಂಟ್ ಕಡತವನ್ನು ತಡೆಹಿಡಿದು, ಬದಲಿ ಫಾಂಟಿನಲ್ಲಿ ಸಾಲುಗಳು ಎಷ್ಟು ಜಿಗಿಯುತ್ತವೆಯೆಂದು ಗಮನಿಸಬೇಕು. ಕನ್ನಡ ಫಾಂಟ್‌ಗಳ ಅಳತೆಗಳು ಒಂದಕ್ಕೊಂದು ಹೊಂದದಿರುವುದರಿಂದ ಈ ಜಿಗಿತ ಇಲ್ಲಿ ಹೆಚ್ಚು. ಮಾದರಿ ಬರಹವಾಗಿ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ತುಂಬುವ ರೂಢಿಯನ್ನು ಕನ್ನಡದವರು ಬಿಡಬೇಕು. ಮೊಳಕಾಲ್ಮೂರಿನ ಉದ್ದ, ಹೊಳಲ್ಕೆರೆಯ ಒತ್ತು, ಹೊಸದುರ್ಗದ ಅರ್ಕಾವತ್ತು ಮೊದಲ ದಿನವೇ ಪುಟದಲ್ಲಿದ್ದರೆ, ಅವುಗಳಿಗೆ ಜಾಗ ಸಾಲದೆಂಬುದು ಪುಟ ಬಿಡುಗಡೆಯಾಗುವ ದಿನ ಗೊತ್ತಾಗುವ ಪ್ರಸಂಗ ಬರುವುದಿಲ್ಲ.